ಬಚ್ಚಲಿಗೂ ಮನೆಗೂ ನಡುವೆ ಕರಡಿ

ಕೂಡ್ಲಿಗಿ ಕಡೆಯ ಕಲ್ಲುಗುಡ್ಡಗಳ ಕಾಡಿನಲ್ಲಿ ನಮಗೆ ಬಾಡಿಗೆಗೆ ಸಿಕ್ಕಿದ್ದು ಒಂದೇ ಕೋಣೆಯ ಮನೆ. ಕರೆಂಟಿಲ್ಲ, ನಲ್ಲಿಯಿಲ್ಲ, ಬಚ್ಚಲು ಮೂವತ್ತು ಹೆಜ್ಜೆ ಆಚೆ. ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಮನೆ ನೋಡಿಕೊಳ್ಳುವ ದುರುಗಮ್ಮನ ಜೊತೆ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಪೊದೆಯಿಂದ ಕರಡಿಯೊಂದು ಹೊರಬಂದು ಬಚ್ಚಲಿಗೂ ನಮಗೂ ನಡುವಿನ ಹುತ್ತಕ್ಕೆ ಮೂತಿಯಿಟ್ಟಿತು. ಬೆನ್ನ ಮೇಲೆ ಎರಡು ಮರಿಗಳು ಕೂದಲು ಹಿಡಿದು ಕೂತಿದ್ದವು.

ನಾನು ಗಾಬರಿಯಿಂದ ಎದ್ದೆ. ದುರುಗಮ್ಮ ನನ್ನ ಅಂಗಿ ಹಿಡಿದು ಕೂರಿಸಿದಳು.

"ಒದರಬ್ಯಾಡ್ರಿ ಸರ. ಮರಿ ಅದಾವು, ಬೆದರಿದ್ರ ಮೈಮ್ಯಾಲೆ ಬರ್ತೈತಿ."

ಆಮೇಲೆ ಬಚ್ಚಲಿನ ಕಡೆ ತಿರುಗಿ, ಹಾಲು ಬಂದಿದೆ ಎಂದು ಹೇಳುವವಳಂತೆ, "ಅಕ್ಕಾರ, ಬಾಗ್ಲಾ ತಗೀಬ್ಯಾಡ್ರಿ, ಹೊರಗ ಕರಡಿ ಐತಿ" ಅಂದಳು.

ಒಳಗೆ ನೀರಿನ ಸದ್ದು ನಿಂತಿತು.

ಕರಡಿ ಗೆದ್ದಲು ಹೀರುವುದು ಮೆಟ್ಟಿಲವರೆಗೂ ಕೇಳುತ್ತಿತ್ತು, ಯಾರೋ ಬಸಿಯಲ್ಲಿ ಬಿಸಿ ಚಹಾ ಸೊರಸೊರ ಕುಡಿದ ಹಾಗೆ. ಇಷ್ಟು ದೊಡ್ಡ ಪ್ರಾಣಿಗೆ ಇಷ್ಟು ಸಣ್ಣ ಹುಳದ ಊಟವೇ ಎಂದುಕೊಳ್ಳುತ್ತಾ ನನ್ನ ಹೆದರಿಕೆಯನ್ನೇ ಮರೆತಿದ್ದೆ. ಹುತ್ತ ಬರಿದಾದ ಮೇಲೆ ಅದು ನಮ್ಮತ್ತ ನೋಡದೆ ಬಂಡೆಗಳ ಹಿಂದೆ ಹೋಯಿತು.

ನಾನು ಓಡಿಹೋಗಿ ಕದ ಬಡಿದೆ. ತಲೆತುಂಬ ಒಣಗಿದ ಸೋಪಿನ ನೊರೆ ಹೊತ್ತ ಹೆಂಡತಿ ಬಾಗಿಲು ತೆರೆದಳು. ಅಷ್ಟು ಹೊತ್ತೂ ಕದದ ಸಂದಿಗೆ ಕಣ್ಣಿಟ್ಟು ನಿಂತಿದ್ದಳಂತೆ.

"ಇಷ್ಟು ಬೇಗ ಹೋಯ್ತಾ?" ಎಂದಳು.