ಬೀರುವಿನಲ್ಲಿದ್ದ ಡಿ.ಎಡ್. ಸರ್ಟಿಫಿಕೇಟು

ಬಾಗಲಗುಂಟೆಯ ಒಂದು ಖಾಸಗಿ ಶಾಲೆಯಲ್ಲಿ ನಾನು ಹತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಆದರೆ ಅಲ್ಲಿ ಪಾಠ ಮಾಡುವವರೆಲ್ಲರ ಓದಿನ ಪುರಾವೆ ನನ್ನ ಸುಪರ್ದಿಯಲ್ಲಿತ್ತು. ಕೆಲಸಕ್ಕೆ ಸೇರಿದ ಶಿಕ್ಷಕಿಯರ ಮೂಲ ಪ್ರಮಾಣಪತ್ರಗಳನ್ನು ಕಾರ್ಯದರ್ಶಿ ಬೀರುವಿನಲ್ಲಿ ಇರಿಸಿಕೊಳ್ಳುತ್ತಿದ್ದರು. ಮಾನ್ಯತೆ ನವೀಕರಣಕ್ಕೆ ಇಲಾಖೆಯವರು ಬಂದಾಗ ತೋರಿಸಬೇಕು ಎನ್ನುವುದು ಹೇಳುವ ಕಾರಣ. ವರ್ಷದ ನಡುವೆ ಯಾರೂ ಬಿಟ್ಟುಹೋಗಬಾರದು ಎನ್ನುವುದು ನಿಜವಾದ ಕಾರಣ.

ಹೆಂಡತಿ ತೀರಿಕೊಂಡ ಮೇಲೆ ನನ್ನೊಡನೆ ಮಾತನಾಡುತ್ತಿದ್ದವರು ಒಬ್ಬರೇ, ನಾಲ್ಕನೇ ತರಗತಿಯ ಮಿಸ್. ಮಧ್ಯಾಹ್ನ ಆಫೀಸಿಗೆ ಬಂದು ಡಬ್ಬಿ ಬಿಚ್ಚಿ, "ಏನ್ ಅಂಕಲ್, ಇವತ್ತೂ ಮೊಸರನ್ನಾನೇನಾ? ಹಸುಗೆ ಹೇಳಿ ನಿಮ್ ಮೇಲೆ ಕೇಸ್ ಹಾಕಿಸ್ತೀನಿ" ಎನ್ನುತ್ತ ಪಲ್ಯ ಬಡಿಸುತ್ತಿದ್ದರು. ಆ ಇಪ್ಪತ್ತು ನಿಮಿಷ ಬಿಟ್ಟರೆ ದಿನವೆಲ್ಲ ನನಗೆ ಮಾತಿರಲಿಲ್ಲ.

ಅವರು ಮೂರನೇ ಸಲಕ್ಕೆ ಟಿಇಟಿ ಪಾಸಾದರು. ನೇಮಕಾತಿ ಪರೀಕ್ಷೆಯನ್ನೂ ಬರೆದು, ಸರ್ಕಾರಿ ಶಾಲೆಯ ಹುದ್ದೆಗೆ ದಾಖಲೆ ಪರಿಶೀಲನೆಯ ಪಟ್ಟಿಗೆ ಬಂದರು. ಬೀರುವಿನಲ್ಲಿದ್ದ ಡಿ.ಎಡ್. ಸರ್ಟಿಫಿಕೇಟಿನ ಮೂಲ ಪ್ರತಿ ಒಯ್ಯಲೇಬೇಕಿತ್ತು. ವಯೋಮಿತಿಯ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಕಾರ್ಯದರ್ಶಿ "ಕೊಡೋಣ ಕೊಡೋಣ" ಎನ್ನುತ್ತಲೇ ಶಬರಿಮಲೆಗೆ ಹೊರಟುಹೋದರು. ಪರಿಶೀಲನೆಯ ಹಿಂದಿನ ದಿನ, ಬೆಟ್ಟ ಹತ್ತುವ ಮೊದಲು, ನನಗೆ ಫೋನ್ ಮಾಡಿದರು.

"ಬೀರು ಕೀ ನಿನ್ ಹತ್ರಾನೇ ಇದ್ಯಲ್ಲಯ್ಯ, ಆ ಮಿಸ್‌ಗೆ ಕೊಟ್ಬಿಡು, ಪಾಪ. ಮಾಲೆ ಹಾಕ್ಕೊಂಡು ಯಾಕ್ ಬೇಕು ಶಾಪ."

ಸ್ವಲ್ಪ ಹೊತ್ತಿಗೆ ಮಿಸ್ ಬಂದರು.

"ಸಾರ್ ಫೋನ್ ಸ್ವಿಚ್ ಆಫ್ ಬರ್ತಿದೆ ಅಂಕಲ್. ನಿಮ್ಗೇನಾದ್ರೂ ಹೇಳಿದ್ರಾ?"

"ಇಲ್ಲ ಮಿಸ್. ಕೀನೂ ಅವ್ರೇ ತಗೊಂಡ್ ಹೋಗಿದಾರೆ."

ಕೀ ನನ್ನ ಷರ್ಟಿನ ಜೇಬಿನಲ್ಲಿತ್ತು. ಇವರು ಹೋದರೆ ನನಗೆ ಯಾರು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

ಅವರು ಜೆರಾಕ್ಸ್ ಹಿಡಿದು ಹೋದರು. ಒರಿಜಿನಲ್ ಇಲ್ಲವೆಂದು ಅಲ್ಲಿ ವಾಪಸು ಕಳಿಸಿದರು. ಕಾರ್ಯದರ್ಶಿ ಊರಿಗೆ ಬಂದಾಗ, ಮಿಸ್ಸೇ ಪರಿಶೀಲನೆಗೆ ಹೋಗಲಿಲ್ಲ ಎಂದು ಅವರಿಗೂ ಸುಳ್ಳು ಹೇಳಿದೆ. ಸೋಮವಾರ ಎಂದಿನಂತೆ ಡಬ್ಬಿ ಬಿಚ್ಚಿದ ಮಿಸ್, ನನ್ನ ಮುಖ ನೋಡಿ, "ಬಿಡಿ ಅಂಕಲ್, ಇದ್ರಲ್ಲಿ ನಿಮ್ ತಪ್ಪೇನಿದೆ" ಎಂದರು. ಆ ಅನ್ನವನ್ನು ಇನ್ನೂ ಆರು ವರ್ಷ ತಿಂದೆ.

ನಾನು ಕೆಲಸ ಬಿಟ್ಟ ಮೇಲೂ ಅವರು ಭಾನುವಾರ ಫೋನ್ ಮಾಡುತ್ತಿದ್ದರು. ಶೆಟ್ಟಿಹಳ್ಳಿಯ ಈ ಬಾಡಿಗೆ ರೂಮಿಗೆ ಬರುತ್ತಿದ್ದ ಕರೆ ಅದೊಂದೇ. ಬಂದಾಗಲೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಫೋನಿನಲ್ಲಿ ಹೇಳುವ ಮಾತಲ್ಲವೆಂದು, ಹೋದ ತಿಂಗಳು ಅಬ್ಬಿಗೆರೆಯ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಒಳಗೆ ಟ್ಯೂಷನ್ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು. ಹದಿಮೂರರ ಮಗ್ಗಿಯಲ್ಲಿ ತಪ್ಪಿದ ಹುಡುಗನನ್ನು ಅವರು ಕೂತಲ್ಲಿಂದಲೇ ತಿದ್ದಿದರು.

"ನನ್ ಹಣೇಲಿ ಬರ್ದಿರ್ಲಿಲ್ಲ ಅಂದ್ಕೊಂಡಿದ್ದೆ ಅಂಕಲ್," ಎಂದರು ಕೊನೆಗೆ. "ಹಂಗಂದ್ಕೊಂಡು ಇಷ್ಟ್ ವರ್ಷ ನೆಮ್ಮದಿಯಾಗಿದ್ದೆ. ಈಗ್ ಯಾಕ್ ಬಂದು ಹೇಳಿದ್ರಿ?"

ಕಾಫಿ ತಂದಿಟ್ಟು, "ಕುಡ್ದು ಹೋಗಿ" ಎಂದು ಮಕ್ಕಳ ಬಳಿಗೆ ಹೋದರು. ನಾನು ಕುಡಿಯದೆ ಎದ್ದೆ.

ನಾಲ್ಕು ಭಾನುವಾರ ಕಳೆದಿವೆ, ಅವರು ಫೋನ್ ಮಾಡಿಲ್ಲ. ನಾನಾಗಿ ಮಾಡಲು ನನಗೆ ಮುಖವಿಲ್ಲ.