ಸರ್ಕಲ್ಲಿನಲ್ಲಿ ನಿಂತಿದ್ದ ಅಪ್ಪ

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಾನು ನಮ್ಮಪ್ಪನ ಮುಖವನ್ನು ಕಟರ್‌ನಿಂದ ಸೀಳಿದೆ. ಬಸವೇಶ್ವರನಗರದ ನಮ್ಮ ರಸ್ತೆಯ ತುದಿಯ ಸರ್ಕಲ್ಲಿನಲ್ಲಿ, ಹಾಡಹಗಲು, ಜನರ ಎದುರು. ಅದು ಫ್ಲೆಕ್ಸಿನಲ್ಲಿದ್ದ ಮುಖ. ಅಪ್ಪ ಸತ್ತು ಆಗ ಒಂದು ವರ್ಷವಾಗಿತ್ತು.

ಅಪ್ಪ ಸೈನ್ಯದಲ್ಲಿದ್ದರು. ಗಡಿಯಲ್ಲಿ ಗುಂಡು ತಗುಲಿ ಸತ್ತರು. ಧ್ವಜ ಹೊದಿಸಿದ ಪೆಟ್ಟಿಗೆ ಬಂದ ದಿನ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೂ ಕಾಲಿಡಲು ಜಾಗವಿರಲಿಲ್ಲ. ಗುರುತೇ ಇಲ್ಲದವರು ನನ್ನ ತಲೆ ಸವರಿ, "ಅಳಬಾರ್ದು ಪುಟ್ಟ, ನೀನು ವೀರನ ಮಗಳು" ಅಂದರು. ನನಗೆ ಅಳು ಬಂದೇ ಇರಲಿಲ್ಲ. ಬಂದದ್ದು ನಿರಾಳ. ಸದ್ಯ, ಇನ್ನು ರಜಕ್ಕೆ ಬರುವುದಿಲ್ಲ ಎಂಬ ನಿರಾಳ. ಅದು ಗೊತ್ತಾದ ಕೂಡಲೇ ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು.

ಏಕೆಂದರೆ ರಜಕ್ಕೆ ಬಂದ ಅಪ್ಪ ಹೊಡೆಯುತ್ತಿದ್ದರು. ಮೊದಲು ಹಾಗಿರಲಿಲ್ಲ. ವಿಜಯನಗರದ ಮೈದಾನದಲ್ಲಿ ನನಗೆ ಸೈಕಲ್ ಕಲಿಸಿದ್ದು ಅವರೇ. ಕೊನೆಯ ಕೆಲವು ವರ್ಷಗಳಲ್ಲಿ ಏನೋ ಬದಲಾಗಿತ್ತು. ಯಾರೂ ಅವರ ಬೆನ್ನ ಹಿಂದೆ ನಿಲ್ಲುವಂತಿರಲಿಲ್ಲ. ಒಮ್ಮೆ ಮರೆತು ಹಿಂದಿನಿಂದ ಹೋದೆ. ತಿರುಗಿ ನನ್ನ ಕತ್ತು ಹಿಡಿದು ಗೋಡೆಗೆ ಒತ್ತಿ, ಬೆಲ್ಟ್ ಬಿಚ್ಚಿ ಬಾರಿಸಿದರು. ಇನ್ನೊಮ್ಮೆ ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಅಮ್ಮ ಭುಜ ಮುಟ್ಟಿದಳು. ಧಡಕ್ಕನೆ ಎದ್ದವರು ಅವಳನ್ನು ಎತ್ತಿ ಬೀರುವಿಗೆ ಅಪ್ಪಳಿಸಿದರು. ಅವಳ ಕೈಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆಮೇಲೆ ಅವಳ ಕಾಲ ಬಳಿ ಕೂತು ಅಪ್ಪನೇ ಗೋಳೋ ಎಂದು ಅತ್ತರು. ಡಾಕ್ಟರಿಗೆ ಅಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಅಂದಳು. ಅಪ್ಪ ಹೋದ ಮೇಲೆ ಈ ವಿಷಯ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ವರ್ಷದ ದಿನ ರಸ್ತೆಯ ಹುಡುಗರು ಸೇರಿ ಆಳೆತ್ತರದ ಫ್ಲೆಕ್ಸ್ ಕಟ್ಟಿದರು. ಸಮವಸ್ತ್ರದಲ್ಲಿ ಅಪ್ಪ ನಗುತ್ತಿದ್ದರು. ಸ್ಕೂಲಿನಿಂದ ಬರುತ್ತಿದ್ದ ನನ್ನನ್ನು ಅವರಲ್ಲೊಬ್ಬ ತಡೆದ. "ಬಾ ಪುಟ್ಟ, ಅಪ್ಪನ ಪಕ್ಕ ನಿಂತ್ಕೋ, ಒಂದು ಫೋಟೋ" ಎಂದು ನನ್ನ ಕತ್ತಿನ ಹಿಂದೆ ಕೈಯಿಟ್ಟು ಮುಂದಕ್ಕೆ ತಳ್ಳಿದ. "ಸ್ವಲ್ಪ ನಗಮ್ಮ."

ಆ ಕೈ ಕತ್ತಿಗೆ ತಗುಲಿದ್ದೇ ತಡ, ನನ್ನ ಬ್ಯಾಗಿನಲ್ಲಿದ್ದ ಪ್ರಾಜೆಕ್ಟ್ ಕೆಲಸದ ಕಟರ್ ಕೈಗೆ ಬಂದಿತ್ತು. ಕಣ್ಣಿನಿಂದ ಗದ್ದದವರೆಗೆ ಎಳೆದೆ. ಫ್ಲೆಕ್ಸ್ ಪರ್ ಎಂದು ಹರಿಯಿತು. ಮತ್ತೆ ಎಳೆದೆ. "ಏಯ್, ಹುಚ್ಚಾ ನಿಂಗೆ?" ಎಂದು ಕೈ ಹಿಡಿಯಲು ಬಂದವನ ಅಂಗೈ ಸೀಳಿತು. ರಕ್ತ ನನ್ನ ಯೂನಿಫಾರ್ಮಿನ ಮೇಲೆ ಚಿಮ್ಮಿತು. ಇನ್ನೊಬ್ಬ ನನ್ನ ಜಡೆ ಹಿಡಿದು ನೆಲಕ್ಕೆ ಕೆಡವಿದ.

"ಹೆತ್ತಪ್ಪನ್ನೇ ಕುಯ್ತಾಳಲ್ಲ ಗುರು ಇವಳು!"

ಯಾರೋ ಹೇಳಿ ಅಮ್ಮ ಓಡಿ ಬಂದಳು. ಹರಿದ ಮುಖ ನೋಡಿದಳು, ನನ್ನನ್ನು ನೋಡಿದಳು. ಕಾಲಿನ ಚಪ್ಪಲಿ ತೆಗೆದು ಹೊಡೆಯತೊಡಗಿದಳು. ತಲೆಗೆ, ಬೆನ್ನಿಗೆ, ಬಾಯಿಗೆ. ತುಟಿ ಒಡೆಯಿತು. ಕೊನೆಗೆ ಹೂವು ಮಾರುವ ಆಂಟಿ ಅಡ್ಡ ಬಂದು, "ಸಾಕು ಬಿಡಮ್ಮ, ಸತ್ತೋಗ್ತಾಳೆ ಮಗು" ಎಂದು ಅವಳ ಕೈ ಹಿಡಿದುಕೊಂಡರು. ಸಂಜೆ ನಮ್ಮ ಕಿಟಕಿಗೆ ಕಲ್ಲು ಬಿತ್ತು.

ಸ್ಕೂಲಿನಲ್ಲೂ ಸುದ್ದಿ ಹಬ್ಬಿತು. "ದೇಶದ್ರೋಹಿ" ಅಂದ ಹುಡುಗಿಯ ತಲೆಯನ್ನು ನಾನು ಡೆಸ್ಕಿಗೆ ಚಚ್ಚಿದೆ. ಹೆಡ್‌ಮಿಸ್ ನನ್ನನ್ನು ಸ್ಕೂಲಿನಿಂದ ತೆಗೆಯಲಿಲ್ಲ. ಸೈನಿಕರ ಮಕ್ಕಳನ್ನು ನೋಡುವ ಒಬ್ಬ ಕೌನ್ಸೆಲರ್ ಹತ್ತಿರ ಹೋಗಲೇಬೇಕು ಎಂದು ಅಮ್ಮನಿಗೆ ಹೇಳಿ ಕಳಿಸಿದರು.

ವಿಜಯನಗರದ ಒಂದು ಸಣ್ಣ ಕ್ಲಿನಿಕ್ಕಿನ ಮಹಡಿಯಲ್ಲಿ ಅವರ ಕೋಣೆಯಿತ್ತು. ಅಮ್ಮನ ವಯಸ್ಸಿನವರು. ಮೊದಲ ಕೆಲವು ವಾರ ನಾನು ಬಾಯಿ ಬಿಡಲಿಲ್ಲ. ಅವರೂ ಒತ್ತಾಯಿಸಲಿಲ್ಲ. ಒಂದು ದಿನ ಮೆಲ್ಲಗೆ ಕೇಳಿದರು:

"ಅಪ್ಪನ ಬಗ್ಗೆ ಎಲ್ರೂ ಏನೇನೋ ಹೇಳ್ತಾರೆ. ನಿಂಗೆ ಅವರು ಹೇಗಿದ್ರು?"

ಎದುರಿಗಿದ್ದ ಸ್ಟೀಲ್ ಲೋಟ ಎತ್ತಿ ಅವರ ಮುಖಕ್ಕೆ ಎಸೆದೆ. ಹುಬ್ಬು ಒಡೆದು ರಕ್ತ ಕೆನ್ನೆಗಿಳಿಯಿತು. ಅವರು ಕಿರುಚಲಿಲ್ಲ. ಕರ್ಚೀಫು ಒತ್ತಿ ಹಿಡಿದು, "ನೋವಾಯ್ತು. ಇನ್ನೊಂದ್ಸಲ ಎಸೆದ್ರೆ ಇವತ್ತಿಗೆ ನಿಲ್ಲಿಸ್ತೀನಿ. ಆದ್ರೆ ಮುಂದಿನ ವಾರ ನೀನು ಬಾ, ನಾನಿರ್ತೀನಿ" ಅಂದರು.

ಕರ್ಚೀಫು ಕೆಂಪಾಗುತ್ತಿತ್ತು. ಅದನ್ನು ನೋಡುತ್ತಿದ್ದಂತೆ ನನ್ನ ಬಾಯಿಂದ ಮಾತು ಬಿತ್ತು. "ಅಪ್ಪಾನೂ ಹೀಗೇ ಎಸೀತಿದ್ರು."

ಆಮೇಲೆ ನಿಲ್ಲಿಸಲು ಆಗಲಿಲ್ಲ. ಬೆಲ್ಟು, ಗೋಡೆ, ಬೀರು ಎಲ್ಲ ಹೇಳಿದೆ. ಅಪ್ಪ ಸತ್ತಾಗ ಖುಷಿಯಾಯ್ತು ಅಂತಲೂ ಹೇಳಿದೆ. ಛೀ ಅನ್ನುತ್ತಾರೆಂದು ಕಾದೆ.

"ಹೊಡೆತ ನಿಂತಿದ್ದಕ್ಕೆ ಖುಷಿ ಆಗಿದೆ. ಅದ್ರಲ್ಲಿ ತಪ್ಪೇನಿಲ್ಲ ಕಣಮ್ಮ" ಅಂದರು. "ಅವರ ಮೇಲೆ ಪ್ರೀತಿನೂ ಇರಬೋದು, ಕೋಪಾನೂ ಇರಬೋದು."

ಆಗ ಸೈಕಲ್ಲಿನ ಹಿಂದೆ ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದ ಅಪ್ಪ ನೆನಪಾದರು. ಅವರು ಸತ್ತ ಮೇಲೆ ಮೊದಲ ಬಾರಿ ಅತ್ತೆ. ವಾಂತಿಯಾಗುವಷ್ಟು ಅತ್ತೆ.

ನನ್ನ ಒಪ್ಪಿಗೆ ಕೇಳಿಯೇ ಅವರು ಮುಂದಿನ ವಾರ ಅಮ್ಮನನ್ನೂ ಒಳಗೆ ಕೂರಿಸಿದರು. ನಾನು ಬೀರುವಿನ ಮಾತು ತೆಗೆದ ತಕ್ಷಣ ಅಮ್ಮ, "ಸುಮ್ನಿರೇ! ಸತ್ತೋರ ಬಗ್ಗೆ ಹಂಗೆಲ್ಲ ಅನ್ಬಾರ್ದು" ಎಂದು ಹೊಡೆಯಲು ಕೈ ಎತ್ತಿದಳು. ಎತ್ತಿದ್ದು ಮುರಿದು ಸೇರಿದ್ದ ಕೈ. ಅದು ಇಂದಿಗೂ ನೆಟ್ಟಗೆ ಚಾಚುವುದಿಲ್ಲ. ನಾನು ಮುಖ ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಬೆರಳ ಸಂದಿಯಿಂದ ನೋಡಿದರೆ ಅಮ್ಮ ತನ್ನ ಕೈಯನ್ನೇ ನೋಡುತ್ತಾ ಕೂತಿದ್ದಳು.

"ನಾನು ಜಾರಿ ಬಿದ್ದಿದ್ದಲ್ಲ ಮೇಡಂ" ಅಂದಳು.

ಮನೆಯಲ್ಲಿ ಎಲ್ಲ ಒಮ್ಮೆಲೇ ಸರಿಹೋಗಲಿಲ್ಲ. ಅಮ್ಮ ಆಮೇಲೂ ಒಂದೆರಡು ಸಲ ಹೊಡೆದಳು, ನಾನು ತಟ್ಟೆಗಳನ್ನು ಒಡೆದೆ. ಆದರೂ ಪಿಯುಸಿ ಮುಗಿಯುವವರೆಗೆ ಇಬ್ಬರೂ ಆ ಮಹಡಿ ಹತ್ತಿದೆವು. ಈಗ ನಾನು ಡಿಗ್ರಿ ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ಈಗ ಯಾರೂ ಯಾರ ಮೇಲೂ ಕೈ ಎತ್ತುವುದಿಲ್ಲ.

ಕೊನೆಯ ಸಲ ಹೋದಾಗ ಅಮ್ಮ ಬಾಗಿಲ ಹತ್ತಿರ ನಿಂತು ಕೇಳಿದಳು, "ನಮ್ಮ ಯಜಮಾನ್ರನ್ನೂ ಇಂಥ ಕಡೆ ಕರ್ಕೊಂಡ್ ಬರಬೋದಿತ್ತೇನೋ, ಅಲ್ವಾ ಮೇಡಂ?"

"ಬರಬೋದಿತ್ತಮ್ಮ" ಅಂದರು ಅವರು. "ನಿಮಗೆ ಅದನ್ನ ಯಾರೂ ಹೇಳಿರಲಿಲ್ಲ."

ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತೆ.