ರೋಣದಲ್ಲಿ ನಾನು ಮಾಡಿದ ಭಾಷಣ

ಕಂಪನಿ ಸರಕಾರದ ವಿರುದ್ಧ ನರಗುಂದದಲ್ಲಿ ನಡೆದ ಬಂಡಾಯಕ್ಕೆ ಎರಡು ವರ್ಷ ಮೊದಲಿನ ಮಾತು. ನನಗಾಗ ಒಂಬತ್ತು ವರ್ಷ. ಹೊಳೆಆಲೂರಿನ ಸಮೀಪದ ನಮ್ಮ ಊರಿಗೆ ಆಗಷ್ಟೇ ಕನ್ನಡ ಶಾಲೆ ಬಂದಿತ್ತು. ಶಾಲೆ ಎಂದರೆ ಗುಡಿಯ ಪಕ್ಕದ ಒಂದು ಪಡಸಾಲೆ, ಹದಿನೆಂಟು ಹುಡುಗರು, ರಾಘಪ್ಪ ಮಾಸ್ತರರು. ಅಷ್ಟೇ.

ಶಾಲೆಗಳ ತಪಾಸಣೆ ಮಾಡುವ ದಿಪೋಟಿ ಸಾಹೇಬರಿಂದ ಒಂದು ದಿನ ಕಾಗದ ಬಂತು. ಸುತ್ತಲಿನ ಶಾಲೆಗಳಿಂದ ಒಬ್ಬೊಬ್ಬ ಹುಡುಗ ರೋಣಕ್ಕೆ ಬರಬೇಕು, ಎಲ್ಲರ ಮುಂದೆ ನಿಂತು ಮಾತಾಡಬೇಕು, ಚೆನ್ನಾಗಿ ಮಾತಾಡಿದವನಿಗೆ ಬಹುಮಾನ. ಮಗ್ಗಿ ಒಪ್ಪಿಸುವುದನ್ನು ಊರವರು ಕಂಡಿದ್ದರು. ಬರೇ ಮಾತಾಡಿದ್ದಕ್ಕೆ ಬಹುಮಾನ ಎಂದಾಗ ಎಲ್ಲರೂ ನಕ್ಕರು. ನಮ್ಮ ಅಜ್ಜಿಯಂತೂ, "ಹಂಗಾರ ನನ್ನ ಕರಕೊಂಡು ಹೋಗ್ರಿ" ಎಂದಳು.

ಮಾಸ್ತರರು ಮಾತ್ರ ನಗಲಿಲ್ಲ. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೊಲದಲ್ಲಿ ಹಕ್ಕಿ ಓಡಿಸಿ ಓಡಿಸಿ ನನ್ನ ದನಿ ದೊಡ್ಡದಾಗಿತ್ತೆಂದು ನನ್ನನ್ನೇ ಆರಿಸಿದರು. ಆಕಳಿನ ಮೇಲೆ ಒಂದು ಭಾಷಣ ಬರೆದು ಹದಿನೈದು ದಿನ ಬಾಯಿಪಾಠ ಮಾಡಿಸಿದರು.

ರೋಣದಲ್ಲಿ ದೊಡ್ಡ ಬೇವಿನ ಮರದ ಕೆಳಗೆ ಜಮಖಾನೆ ಹಾಸಿದ್ದರು. ಬಿಳಿ ರುಮಾಲು ಸುತ್ತಿದ ದಿಪೋಟಿ ಸಾಹೇಬರು ನಡುವೆ ಕೂತಿದ್ದರು. ಮೊದಲು ಎದ್ದವನು ಗಜೇಂದ್ರಗಡದ ಕಡೆಯ ಹುಡುಗ. ಕೈಮುಗಿದು ಶುರು ಮಾಡಿದ: "ಆಕಳು ಸಾಧು ಪ್ರಾಣಿ. ಅದು ನಮಗೆ ತಾಯಿಯ ಸಮಾನ..."

ಅದು ನನ್ನ ಭಾಷಣ! ಒಂದು ಅಕ್ಷರ ಆಚೀಚೆ ಇಲ್ಲ. ಧಾರವಾಡದಲ್ಲಿ ಒಟ್ಟಿಗೆ ಕಲಿತಿದ್ದ ಅವನ ಮಾಸ್ತರರೂ ನಮ್ಮ ಮಾಸ್ತರರೂ ಒಂದೇ ಹಳೆಯ ಕಾಗದದಿಂದ ನಕಲು ಮಾಡಿದ್ದರಂತೆ. ಹಿಂದೆ ತಿರುಗಿ ನೋಡಿದರೆ ನಮ್ಮ ಮಾಸ್ತರರ ಮುಖ ಸುಣ್ಣದಂತಾಗಿತ್ತು.

ಮುಂದಿನ ಹೆಸರು ನನ್ನದೇ. ಎದ್ದು ನಿಂತೆ. ನಿಜವನ್ನೇ ಹೇಳಿದೆ.

"ನಾ ಹೇಳೂದನ್ನೆಲ್ಲಾ ಅಂವ ಹೇಳಿಬಿಟ್ಟಾನ್ರಿ. ಮತ್ತ ನಮ್ಮನ್ಯಾಗ ಆಕಳಾನೂ ಇಲ್ರಿ. ಎಮ್ಮಿ ಐತ್ರಿ."

ಜನ ಗೊಳ್ಳೆಂದರು. ಸಾಹೇಬರು ಮೀಸೆಯಲ್ಲೇ ನಕ್ಕು, "ಹಂಗಾದ್ರ ಎಮ್ಮಿ ಬಗ್ಗೇನೇ ಹೇಳಪಾ" ಎಂದರು.

ಎಮ್ಮೆಯ ಬಗ್ಗೆ ಹೇಳಲು ನನಗೆ ಯಾರೂ ಬರೆದುಕೊಡಬೇಕಿರಲಿಲ್ಲ. ಹಿಂಡಲು ಹೋದರೆ ಅವ್ವನಿಗಷ್ಟೇ ನಿಲ್ಲುತ್ತದೆ, ಅಪ್ಪನನ್ನು ಒದೆಯುತ್ತದೆ ಎಂದೆ. ನಗು ಎದ್ದಿತು. ನಗು ಕೇಳಿದಂತೆ ನನಗೆ ಹುರುಪು ಬಂತು. ಏನು ಹೇಳುತ್ತಿದ್ದೇನೆ ಎಂಬ ಖಬರೇ ಉಳಿಯಲಿಲ್ಲ.

"ನಮ್ಮೆಮ್ಮಿ ಭಾಳ ಶಾಣ್ಯಾ ಐತ್ರಿ. ಸರಕಾರ ನಮ್ಮ ಸಾಲಿಗೆ ಕೊಟ್ಟ ಅಚ್ಚಿನ ಪುಸ್ತಕಾನ ಆರು ತಿಂಗಳ ಹಿಂದ ಪೂರಾ ತಿಂದೈತ್ರಿ. ಮಾಸ್ತರ್ರು ನಮ್ಮನಿ ಕಟ್ಟಿಮ್ಯಾಲೆ ಪುಸ್ತಕ ಇಟ್ಟು ಮಜ್ಜಿಗಿ ಕುಡ್ಯಾಕ ಹತ್ತಿದ್ರು. ನೋಡೂದ್ರಾಗ ರಟ್ಟಷ್ಟ ಉಳದಿತ್ತು. ಮಾಸ್ತರ್ರು ಎಮ್ಮಿ ಮುಂದ ಕುಂತು ಅತ್ತರ್ರಿ!"

ಈ ಸಲ ನಗು ಬರಲಿಲ್ಲ. ಆ ಕಾಲದಲ್ಲಿ ಅಚ್ಚಿನ ಪುಸ್ತಕವೆಂದರೆ ಇಡೀ ಶಾಲೆಗೆ ಒಂದೇ. ಸಾಹೇಬರು ನಿಧಾನವಾಗಿ ಕೇಳಿದರು: "ಏನ್ರಿ ಮಾಸ್ತರ್, ಇದು ಖರೇ ಏನ್ರಿ? ಪುಸ್ತಕ ಇಲ್ಲದ ಆರು ತಿಂಗಳಿಂದ ಹ್ಯಾಂಗ ಕಲಿಸ್ಲಿಕ್ಕತ್ತೀರಿ?"

ಮಾಸ್ತರರು ಎದ್ದು ನಿಂತರು. ಚೀಲ ಬಿಚ್ಚಿ, ದಾರದಿಂದ ಹೊಲಿದ ಒಂದು ಕಟ್ಟು ತೆಗೆದು ಸಾಹೇಬರ ಮುಂದಿಟ್ಟರು. ಎಮ್ಮೆ ತಿಂದ ಪುಸ್ತಕವನ್ನು ಅವರು ನೆನಪಿನಿಂದಲೇ, ಮೊದಲಿನಿಂದ ಕೊನೆಯವರೆಗೆ, ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಸಾಹೇಬರು ತಮ್ಮ ಬಳಿಯಿದ್ದ ಅದೇ ಅಚ್ಚಿನ ಪುಸ್ತಕ ತರಿಸಿ, ಹಾಳೆ ಹಾಳೆ ತಿರುವಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಎಷ್ಟು ಹೊತ್ತು ನೋಡಿದರೋ, ನನ್ನ ಕಾಲು ಜೋಮು ಹಿಡಿಯಿತು.

"ಒಂದು ತಪ್ಪಿಲ್ಲ" ಎಂದರು ಕೊನೆಗೆ. "ನಿಮ್ಮ ಸಾಲಿಗೆ ಎರಡು ಪುಸ್ತಕ ಕಳಸ್ತೀನ್ರಿ. ಒಂದು ಹುಡುಗರಿಗೆ, ಒಂದು ಎಮ್ಮಿಗೆ."

ಬಹುಮಾನದ ಶಾಲು ಗಜೇಂದ್ರಗಡದವನಿಗೇ ಹೋಯಿತು. ಮಾಸ್ತರರ ನೌಕರಿ ಕಾಯಂ ಆದ ಕಾಗದ ಮುಂದಿನ ತಿಂಗಳು ಬಂತು.

ಆದರೆ ಆ ದಿನ ಅದು ನಮಗೆ ಗೊತ್ತಿರಲಿಲ್ಲ. ಚಕ್ಕಡಿಯಲ್ಲಿ ಮರಳುವಾಗ ಮಾಸ್ತರರು ನನ್ನ ಎದುರಿಗೇ ಕೂತಿದ್ದರು. ಹೊಡೆಯುತ್ತಾರೆಂದು ನಾನು ಮೂಲೆಗೆ ಸರಿದು ಕೂತಿದ್ದೆ. ಅರ್ಧ ದಾರಿಯಲ್ಲಿ ಅವರು ಮೆಲ್ಲಗೆ ಕೇಳಿದರು:

"ಬಸ್ಯಾ, ಎಮ್ಮಿ ಪುಸ್ತಕ ತಿಂದದ್ದು ಹೇಳಿದಿ, ಆತು. ನಾ ಅತ್ತದ್ದು ಯಾಕ ಹೇಳಿದ್ಯೋ?"

ನನ್ನ ಪೆಚ್ಚು ಮುಖ ನೋಡಿ ಅವರಿಗೇ ನಗು ಬಂತು. ಎಷ್ಟು ನಕ್ಕರೆಂದರೆ ಚಕ್ಕಡಿ ಹೊಡೆಯುವವನು ಎತ್ತು ನಿಲ್ಲಿಸಿ ಹಿಂದೆ ನೋಡಿದ.

ಈಗ ನನಗೂ ಮೊಮ್ಮಕ್ಕಳಿದ್ದಾರೆ. ಪಂಚರ ಮುಂದೆ ಎಷ್ಟೋ ಸಲ ಮಾತಾಡಿದ್ದೇನೆ, ಜನರನ್ನು ನಗಿಸಿದ್ದೇನೆ. ಆದರೆ ಮಾಸ್ತರರ ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.